ಐಸ್ ಮೇಲೆ ಸನ್ಮಾನ

ಕುವೈತಿನ ಫರ್ವಾನಿಯಾದ ನಮ್ಮ ಫ್ಲಾಟಿನಿಂದ ಹೊರಟ ಸುದ್ದಿ ದೂರದ ಫಿಂಟಾಸ್ ಬಡಾವಣೆ ತಲುಪುವಷ್ಟರಲ್ಲಿ ಮಗಳಿಗೆ ಕೆಲಸವೇ ಸಿಕ್ಕಿಬಿಟ್ಟಿತ್ತು. ನನ್ನ ಗಂಡ ರೋಹಿದಾಸರು ಹೇಳಿದ್ದು ಇಷ್ಟೆ: ಹಂಗೇರಿಯ ಐಸ್ ಹಾಕಿ ಕ್ಲಬ್ಬೊಂದು ಸ್ನೇಹಪಂದ್ಯಕ್ಕೆ ಕುವೈತಿಗೆ ಬರುತ್ತಿದೆ, ಅದರ ಕೋಚ್ ನಮ್ಮ ತೃಷಾಳ ಆಟ ನೋಡುತ್ತಾಳೆ, ಹಿಡಿಸಿದರೆ ಒಂದು ಸೀಸನ್ನಿಗೆ ಕರಾರು ಕೊಟ್ಟಾಳು. ಕೇಳಿಸಿಕೊಂಡವರು 'ಹಿಡಿಸಿದರೆ' ಎಂಬುದನ್ನು ದಾರಿಯಲ್ಲೆಲ್ಲೋ ಇಳಿಸಿ ಬಂದರು. ಕನ್ನಡ ಬಳಗದ ಅಧ್ಯಕ್ಷ ಫ್ರೆಡ್ರಿಕ್ ಫೋನ್ ಮಾಡಿದಾಗ ಅವರ ದನಿಯಲ್ಲೇ ಶಾಲು ಹೊದಿಸುವ ಸಂಭ್ರಮವಿತ್ತು.

"ಕಂಗ್ರಾಟ್ಸ್ ರಾಜೀವಿಯಕ್ಕ! ಪ್ರೊಫೆಶನಲ್ ಪ್ಲೇಯರ್! ನಮ್ಮ ಊರಿನವರಲ್ಲಿ ಬೇರೆ ಯಾರುಂಟು ಹೇಳಿ? ಪಂದ್ಯದ ದಿನವೇ ಸನ್ಮಾನ. ಐಸ್ ಮೇಲೆಯೇ."

"ಇನ್ನೂ ಆಗಿಲ್ಲ ಫ್ರೆಡ್ರಿಕ್. ಕೋಚ್ ಬೇಡ ಅಂದ್ರೆ?"

"ನಿಮ್ಮದು ಯಾವಾಗಲೂ ಇದೇ. ಫ್ಲೆಕ್ಸ್ ಪ್ರಿಂಟಾಗಿ ಆಯ್ತು ಮಾರಾಯ್ರೆ!"

ಬೇಡ ಅನ್ನುವ ಸಾಧ್ಯತೆಯೇ ಹೆಚ್ಚು ಎಂದು ನನಗೆ ಗೊತ್ತಿತ್ತು. ವಿಡಿಯೋಗಳನ್ನು ನೋಡಿ ಕೋಚ್ ಮೊದಲೇ ತಿಳಿಸಿದ್ದಳು: ಹುಡುಗಿಯ ವೇಗ ಚೆನ್ನಾಗಿದೆ, ಆದರೆ ತೀರಾ ಪುಟ್ಟವಳು. ನಮ್ಮ ಲೀಗಿನ ಆಟಗಾರ್ತಿಯರು ಒತ್ತಿದರೆ ನಿಂತಾಳೆಯೇ? ತೃಷಾ ನನ್ನ ಭುಜದವರೆಗೆ ಬರುತ್ತಾಳೆ. ನಾನೂ ಎತ್ತರದವಳಲ್ಲ.

ಪಂದ್ಯದ ದಿನ ಹೊರಗೆ ಕಾರಿನ ಬಾಗಿಲು ಮುಟ್ಟಲಾಗದ ಬಿಸಿಲು. ಒಳಗೆ ಐಸ್ ರಿಂಕಿನಲ್ಲಿ ನಮ್ಮ ಹೆಂಗಸರೆಲ್ಲ ರೇಷ್ಮೆ ಸೀರೆಯ ಮೇಲೆ ಗಂಡಂದಿರ ಕೋಟು ತೊಟ್ಟು, ತಲೆಗೆ ಮಫ್ಲರ್ ಸುತ್ತಿ, ಬಿಸಿ ಚಹಾ ಹಿಡಿದು ಕೂತಿದ್ದರು. ನಮ್ಮ ಹಿಂದೆಯೇ, ಕರಾರು ಆಗಿಯೇಹೋಯಿತೆಂದು ಸಾರುವ ಫ್ಲೆಕ್ಸ್. ಅದರಲ್ಲಿ ತೃಷಾಳ ಮುಖಕ್ಕಿಂತ ಬಳಗದ ಸಮಿತಿಯ ಮುಖಗಳು ದೊಡ್ಡವು. ಪುಣ್ಯಕ್ಕೆ ಕೋಚ್‌ಗೆ ಕನ್ನಡ ಬರುವುದಿಲ್ಲ.

ನಾನು ಆಟ ನೋಡಲಿಲ್ಲ, ತನ್ನ ತಂಡವನ್ನು ಸಹಾಯಕಿಗೆ ಬಿಟ್ಟು ಪ್ರೇಕ್ಷಕರ ಸಾಲಿನಲ್ಲಿ ಕೂತಿದ್ದ ಕೋಚ್‌ನ ಹುಬ್ಬುಗಳನ್ನು ನೋಡುತ್ತಿದ್ದೆ. ತೃಷಾ ಚೆಂಡಿನ ಬದಲಿಗಿರುವ ಆ ಕಪ್ಪು ರಬ್ಬರ್ ಬಿಲ್ಲೆಯನ್ನು ಕೋಲಿಗೆ ಅಂಟಿಸಿಕೊಂಡವಳಂತೆ ಹಾರಿದಾಗ ಹುಬ್ಬುಗಳು ಮೇಲೇರಿದವು. ಕಪಾಟಿನಂಥ ಎದುರಾಳಿಯೊಬ್ಬಳು ಅವಳನ್ನು ಗೋಡೆಗೆ ಒತ್ತಿ ಬಿಲ್ಲೆ ಕಿತ್ತುಕೊಂಡಾಗ ಕೆಳಗಿಳಿದವು. ಎರಡನೆಯ ಪಿರಿಯಡ್‌ನಲ್ಲೂ ಅದೇ ಕತೆ. ವಿರಾಮದ ಹೊತ್ತಿಗೆ ಕೋಚ್ ಕೈಕಟ್ಟಿ ಹಿಂದಕ್ಕೊರಗಿದ್ದಳು. ನೋಡಬೇಕಾದ್ದನ್ನು ನೋಡಿ ಮುಗಿಸಿದವರು ಹಾಗೆ ಒರಗುತ್ತಾರೆ.

ಐಸನ್ನು ಒರೆಸಿ ಹೊಸದಾಗಿ ನೀರು ಹಾಯಿಸುವ ಯಂತ್ರ ಒಂದು ಸುತ್ತು ಹೋಗಿಬಂತು. ರಿಂಕ್ ನೋಡಿಕೊಳ್ಳುವ ಅಜ್ಮಲ್ ಬಾಗಿಲು ತೆರೆದು, "ಪಾಂಚ್ ಮಿನಿಟ್ ಭಾಯಿ, ಫಿರ್ ಖಲಾಸ್," ಎಂದ. ಫ್ರೆಡ್ರಿಕ್ ಕೆಂಪು ರತ್ನಗಂಬಳಿಯನ್ನು ಹೊಳೆಯುವ ಐಸ್ ಮೇಲೆ ಉರುಳಿಸಿಯೇಬಿಟ್ಟರು. ಪೇಟ, ಶಾಲು ಹಿಡಿದು ಅವರು ಮುಂದೆ, ಹಣ್ಣಿನ ಬುಟ್ಟಿ ಹೊತ್ತ ರೋಹಿದಾಸರು ಅವರ ಬೆನ್ನಿಗೆ, ಕೊನೆಯಲ್ಲಿ ಫ್ರೆಡ್ರಿಕ್ ಅವರ ಹೆಂಡತಿ ಫೆಲ್ಸಿ. ಅವಳ ಕೈಯಲ್ಲಿ ತಟ್ಟೆ ತುಂಬ ಗುಲಾಬಿ ಎಸಳು.

ಐಸ್ ಮೇಲೆ ಏನೇ ಬಿದ್ದರೂ ಹೆಪ್ಪುಗಟ್ಟಿ ಅಂಟುತ್ತದೆ, ಸ್ಕೇಟಿನ ಅಲಗು ಅದಕ್ಕೆ ತಾಗಿದರೆ ಆಟಗಾರ್ತಿ ಮುಖಾಡೆ ಬೀಳುತ್ತಾಳೆ. ಹೇರ್‌ಪಿನ್ ಹಾಕಿಕೊಂಡು ರಿಂಕಿನ ಹತ್ತಿರ ಬಗ್ಗಬೇಡ ಎಂದು ತೃಷಾ ನನಗೆ ಬೈಯುವುದು ಇದಕ್ಕೇ. ನಾನು ಓಡಿದೆ.

"ಫೆಲ್ಸಿ, ಹೂ ಬೇಡ!"

"ಹೂ ಹಾಕದೆ ಎಂತ ಸನ್ಮಾನ? ಒಂದು ಮುಷ್ಟಿ ಸಾಕು."

"ಒಂದು ಎಸಳೂ ಬೇಡ!" ತಟ್ಟೆ ಕಿತ್ತುಕೊಂಡು ಸೆರಗಿನಿಂದ ಮುಚ್ಚಿ ಎದೆಗವಚಿಕೊಂಡೆ. ಆಗಲೇ ನನ್ನೆರಡು ಕಾಲೂ ಗಂಬಳಿಯ ಮೇಲಿದ್ದವು.

"ಅಮ್ಮಾ! ವೈ ಆರ್ ಯು ಆನ್ ದ ಐಸ್?" ಗಂಬಳಿಯ ಆಚೆ ತುದಿಯಲ್ಲಿ ಸ್ಕೇಟ್ ಮೇಲೆ ನಿಂತಿದ್ದ ತೃಷಾಳ ಕಿರುಚಾಟ.

ಫ್ರೆಡ್ರಿಕ್ ಅವಳ ತಲೆಗೆ ಪೇಟ ಇಟ್ಟರು. ಅದು ಮೂಗಿನವರೆಗೆ ಇಳಿಯಿತು. ಶಾಲು ಹೊದಿಸಲು ಅವರು ತಮ್ಮ ಭಾರವನ್ನೆಲ್ಲ ಮುಂದಕ್ಕೆ ವಾಲಿಸಿದರು. ಭಾರ ಕಡಿಮೆಯದ್ದಲ್ಲ. ಗಂಬಳಿಯ ಕೆಳಗೆ ನೀರಿನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ. ಇಡೀ ಗಂಬಳಿ ಹೊರಟಿತು.

ಫ್ರೆಡ್ರಿಕ್ ರೋಹಿದಾಸರನ್ನು ಹಿಡಿದರು, ರೋಹಿದಾಸರು ಫೆಲ್ಸಿಯನ್ನು, ಫೆಲ್ಸಿ ನನ್ನ ಸೊಂಟವನ್ನು. ನನಗೆ ಹಿಡಿಯಲು ತಟ್ಟೆ ಮಾತ್ರ ಇತ್ತು.

"ಯೇಸುವೇ!" ಎಂದಳು ಫೆಲ್ಸಿ.

"ಸಿಟ್! ಎಲ್ರೂ ಕೂತ್ಕೊಳ್ಳಿ!" ತೃಷಾ ಕನ್ನಡದಲ್ಲಿ ಆಜ್ಞೆ ಮಾಡಿದ್ದನ್ನು ನಾನು ಕೇಳಿದ್ದು ಅಂದೇ. ನಾವು ಧೊಪ್ಪನೆ ಕೂತೆವು. ಅವಳು ಪೇಟವನ್ನು ಹಿಂದಕ್ಕೆ ಸರಿಸಿ, ಸುತ್ತಿ ಬಂದು, ಮೊಣಕಾಲು ಬಗ್ಗಿಸಿ, ಫ್ರೆಡ್ರಿಕ್ ಅವರ ಬೆನ್ನಿಗೆ ಭುಜ ಕೊಟ್ಟಳು. ಸ್ಕೇಟಿನ ಅಲಗುಗಳು ಕರ್ರೆಂದು ಐಸನ್ನು ಕಚ್ಚಿದವು. ಗೋಡೆಯತ್ತ ಸಾಗಿದ್ದ ಸಮಿತಿ ನಿಂತಿತು, ತಿರುಗಿತು, ಮತ್ತೆ ಹೊರಟಿತು. ಈ ಸಲ ಅವಳು ತಳ್ಳಿದತ್ತ.

ಪೇಟ ತೊಟ್ಟ ಪುಟ್ಟ ಹುಡುಗಿ ನಾಲ್ಕು ಮಂದಿಯನ್ನು ಬಸ್ಸಿನಂತೆ ತಳ್ಳಿಕೊಂಡು ಬರುತ್ತಿದ್ದರೆ ಇಡೀ ರಿಂಕು ಎದ್ದು ನಿಂತಿತು. "ಯಲ್ಲಾ ಯಲ್ಲಾ!" ಎಂದು ಅವಳ ತಂಡದ ಕುವೈತಿ ಹುಡುಗಿಯರು ಕೋಲು ಬಡಿದರು. ಬಾಗಿಲು ಎದುರಿಗೇ ಇತ್ತು. ಆದರೂ ಅವಳು ನಮ್ಮನ್ನು ಗೋಲಿನ ಹಿಂದಿನಿಂದ ಒಂದು ಸುತ್ತು ಹೊಡೆಸಿಯೇ ತಂದಳು. ತಿರುವಿನಲ್ಲಿ ರೋಹಿದಾಸರು ಬಸ್ ಕಂಡಕ್ಟರಂತೆ "ರೈಟ್, ರೈಟ್!" ಎಂದು ಕೂಗಿದರು. ನನಗೆ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು, ಆದರೆ ಕೈ ಬಿಡುವಂತಿರಲಿಲ್ಲ. ಸೆರಗಿನಡಿಯಿಂದ ಒಂದು ಎಸಳೂ ಬೀಳಲಿಲ್ಲ.

ಬಾಗಿಲಲ್ಲಿ ಅಜ್ಮಲ್ ನಮ್ಮನ್ನು ಒಬ್ಬೊಬ್ಬರನ್ನಾಗಿ ಎತ್ತಿ ಹೊರಗಿಟ್ಟ. ತಲೆಯೆತ್ತಿ ನೋಡಿದರೆ ಕೋಚ್ ಕುರ್ಚಿಯಲ್ಲಿರಲಿಲ್ಲ. ಕೆಳಗಿಳಿದು ಬಂದು, ರಿಂಕಿನ ಗಾಜಿಗೆ ಹಣೆ ಒತ್ತಿ ನಿಂತಿದ್ದಳು.

ಮೂರನೆಯ ಪಿರಿಯಡ್‌ನಲ್ಲಿ ಕಪಾಟು ಮತ್ತೆ ಬಂತು. ತೃಷಾ ಈ ಸಲ ತಪ್ಪಿಸಿಕೊಳ್ಳಲು ನೋಡಲಿಲ್ಲ. ಮೊಣಕಾಲು ಬಗ್ಗಿಸಿ, ಅಧ್ಯಕ್ಷರಿಗೆ ಕೊಟ್ಟಂತೆಯೇ ಭುಜ ಕೊಟ್ಟು ನಿಂತಳು. ಹಿಂದಕ್ಕೆ ಜಾರಿದ್ದು ಕಪಾಟು. "ನೂಕು! ಬಿಡ್ಬೇಡ, ನೂಕು!" ಎಂದು ಯಾರೋ ನಾಚಿಕೆಯಿಲ್ಲದೆ ಅರಚುತ್ತಿದ್ದರು. ಆ ದನಿ ನನ್ನದೆಂದು ಫೆಲ್ಸಿ ತಿರುಗಿ ನೋಡಿದಾಗಲೇ ತಿಳಿಯಿತು. ನಮ್ಮ ತಂಡ ಸೋತಿತು. ಅದು ಆ ದಿನ ಯಾರಿಗೂ ನೆನಪಿರಲಿಲ್ಲ.

ಕೋಚ್ ನೇರ ನಮ್ಮ ಬಳಿಗೆ ಬಂದಳು. "ಇಲ್ಲ ಎನ್ನುವ ತೀರ್ಮಾನಕ್ಕೆ ಬಂದಾಗಿತ್ತು," ಎಂದಳು ನಿಧಾನವಾದ ಇಂಗ್ಲಿಷಿನಲ್ಲಿ. "ಇವಳಲ್ಲಿ ಬಲವಿದೆ, ಅದು ಇವಳಿಗೇ ಗೊತ್ತಿರಲಿಲ್ಲ. ಗೊತ್ತಾದ ಕ್ಷಣವನ್ನು ನಾನು ನೋಡಿದೆ. ಒಂದು ಸೀಸನ್. ಸಂಬಳದ ಆಟಗಾರ್ತಿಯಾಗಿ."

ರೋಹಿದಾಸರೊಳಗಿನ ಗಲ್ಫ್ ಮನುಷ್ಯ ಎದ್ದು ಕೂತ. "ವೀಸಾ? ಟಿಕೆಟ್? ರೂಮು?"

"ಕ್ಲಬ್ಬಿನದ್ದು."

"ಅಲ್ಲಿ ಕಫೀಲ್ ಯಾರು? ಸ್ಪಾನ್ಸರ್?"

"ಪಪ್ಪಾ, ಪ್ಲೀಸ್!" ತೃಷಾ ಹೆಲ್ಮೆಟ್ಟಿನಲ್ಲಿ ಮುಖ ಮುಚ್ಚಿಕೊಂಡಳು.

ನನ್ನಲ್ಲಿದ್ದದ್ದು ಒಂದೇ ಪ್ರಶ್ನೆ, ವರ್ಷಗಳಿಂದ ನಿದ್ದೆ ಕೆಡಿಸಿದ್ದು. "ಹಲ್ಲುಗಳು?"

ಕೋಚ್ ಬಾಯಿಗೆ ಬೆರಳು ಹಾಕಿ, ಮುಂದಿನ ಎರಡು ಹಲ್ಲುಗಳನ್ನು ತೆಗೆದು ಅಂಗೈಯಲ್ಲಿಟ್ಟು ತೋರಿಸಿದಳು. "ಇದೂ ಕ್ಲಬ್ಬಿನ ಖರ್ಚೇ," ಎಂದು ಕಿಂಡಿಯಲ್ಲಿ ನಕ್ಕಳು.

"ಡೆಂಟಲ್ ಕೂಡ ಉಂಟಾ!" ರೋಹಿದಾಸರ ಕಣ್ಣರಳಿತು. "ಇಲ್ಲಿ ಶರ್ಕ್‌ನ ನನ್ನ ಆಫೀಸು ಇಷ್ಟು ವರ್ಷದಲ್ಲಿ ಒಂದು ಹಲ್ಲು ಕೀಳಿಸಿಕೊಟ್ಟದ್ದಿಲ್ಲ!"

ತೃಷಾ ಹೆಲ್ಮೆಟ್ ಇಳಿಸಿ ನನ್ನನ್ನೇ ನೋಡುತ್ತಿದ್ದಳು. ಭಯ ಎಲ್ಲಿಗೂ ಹೋಗಿರಲಿಲ್ಲ. ಅದು ನನ್ನೊಳಗೇ ಕೂತು ನನ್ನ ಜೊತೆ ಬಿದ್ದು ಬಿದ್ದು ನಗುತ್ತಿತ್ತು.

"ಹೋಗು," ಅಂದೆ. "ಬಾಯಿಗೆ ಗಾರ್ಡ್ ಹಾಕದೆ ಐಸಿಗೆ ಇಳಿದ್ರೆ ಮಾತ್ರ ಅಲ್ಲಿಗೇ ಬಂದು ಹೊಡೀತೇನೆ."

"ರಾಜೀವಿ," ಫೆಲ್ಸಿ ನನ್ನ ಸೆರಗು ಜಗ್ಗಿದಳು, "ಇನ್ನೊಮ್ಮೆ ಹಲ್ಲು ತೆಗೀಲಿಕ್ಕೆ ಹೇಳು ಮಾರಾಯ್ತಿ, ನಾನು ವಿಡಿಯೋ ಮಾಡ್ಲಿಲ್ಲ."