ಕ್ಯಾಪ್ಟನಮ್ಮನ ಗಂಟಲು

ಬೀದಿಯವರೆಲ್ಲ ಅವಳನ್ನು ಮೈಕಮ್ಮ ಅಂತಲೇ ಕರೆಯುತ್ತಿದ್ದರು. ಜಾಹೀರಾತುಗಳಿಗೆ, ಬೇರೆ ಭಾಷೆಯ ಸರಣಿಗಳಿಗೆ ಕನ್ನಡದಲ್ಲಿ ದನಿ ಕೊಡುವುದು ಅವಳ ಕೆಲಸ. ಆ ಕೆಲಸದಲ್ಲಿ ತಾನು ಯಾರಿಗೇನು ಕಡಿಮೆ ಎಂಬ ಧೈರ್ಯ ಅವಳಿಗೆ ಸದಾ ಇತ್ತು, ಅದು ಸುಮ್ಮನೆ ಬಂದದ್ದೂ ಅಲ್ಲ. ಹಡಗಿನ ಸರಣಿಯೊಂದರಲ್ಲಿ ಕ್ಯಾಪ್ಟನಮ್ಮ ನಾವಿಕನನ್ನು ಗದರುವ ಜಾಗ ಬಂತು. ಬರೆದುಕೊಟ್ಟ ಮಾತು ‘ಶಿಸ್ತಿನಿಂದ ಪ್ರವೇಶಿಸು’. ಪರದೆಯ ಮೇಲಿನ ಬಾಯಿ ಕೊನೆಗೆ ಅಗಲವಾಗಿ ತೆರೆಯುತ್ತಿತ್ತು, ಈ ಮಾತಿಗೆ ತುಟಿ ಮುದುಡುತ್ತಿತ್ತು. ಮೈಕಮ್ಮ ತಡಮಾಡಲಿಲ್ಲ. ಮನೆಯಲ್ಲಿ ಗಂಡನಿಗೆ ದಿನಬೆಳಗಾದರೆ ಹೇಳುವುದನ್ನೇ ಒಗೆದಳು: “ಕಾಲೊರೆಸ್ಕೊಂಡು ಒಳಗೆ ಬಾ!” ತುಟಿಗೆ ಅಚ್ಚುಕಟ್ಟಾಗಿ ಕೂತಿತು. ಗಾಜಿನಾಚೆಯ ನಿರ್ದೇಶಕ ಹೆಬ್ಬೆರಳೆತ್ತಿದ.

ಅದೇ ಕ್ಯಾಪ್ಟನಮ್ಮ ತಮ್ಮನನ್ನು ಕಳೆದುಕೊಂಡು ಅಳುವ ದೃಶ್ಯಕ್ಕಂತೂ ಸ್ಟುಡಿಯೋಗೆ ಸ್ಟುಡಿಯೋನೇ ತಲೆದೂಗಿತು. ಗಂಟಲು ಹೇಗೆ ಕಟ್ಟಿದೆ ನೋಡಿ, ದುಃಖ ಅಂದ್ರೆ ಇದು ಅಂದರು. ಅವಳು ನಕ್ಕು ಮೂಗೊರೆಸಿಕೊಂಡಳು.

ಆದರೆ ಮನೆಯಲ್ಲಿ ಕಥೆಯೇ ಬೇರೆ. ಸರಣಿ ಹೊರಬರುವ ತನಕ ಯಾರಿಗೂ ಬಾಯಿ ಬಿಡಬಾರದು ಎನ್ನುವುದು ಸ್ಟುಡಿಯೋದ ಕಟ್ಟಳೆ, ಆಮೇಲೆ ಬಾಯಿ ಬಿಡದಿದ್ದದ್ದು ಅವಳದೇ ಹಟ. ಕಟ್ಟಿಕೊಂಡ ಗಂಡನಿಗೆ, ಹೆತ್ತ ಮಗಳಿಗೆ ನನ್ನ ದನಿ ನಾನೇ ತೋರಿಸಿಕೊಡಬೇಕೇ? ತಾವಾಗಿಯೇ ಕಿವಿಗೊಟ್ಟು ಕಂಡುಹಿಡಿಯಲಿ ಎಂದು ಕಾದಳು. ಅವರು ಕಿವಿಗೊಟ್ಟರೆ ತಾನೆ! ಮೂಲ ಭಾಷೆಯಲ್ಲೇ ಹಾಕಿಕೊಂಡು, ಕೆಳಗೆ ಓಡುವ ಅಕ್ಷರ ಓದುತ್ತ ನೋಡುವುದು ಅವರ ಚಾಳಿ.

“ಆ ಯಮ್ಮನ ಗತ್ತು ಆ ಯಮ್ಮನ ಗಂಟಲಲ್ಲೇ ಕೇಳ್ಬೇಕು ಕಣೇ. ಡಬ್ಬಿಂಗ್ ಆದ್ರೆ ಸಪ್ಪೆ,” ಎಂದು ಗಂಡ ಹೆಂಡತಿಯ ಎದುರಿಗೇ ಹೇಳುತ್ತಿದ್ದ. “ನೀನು ಮಾಡೋ ಜಾಹೀರಾತು ಬೇರೆ ಬಿಡು, ಅದು ಚೆನ್ನಾಗೇ ಇರುತ್ತೆ.” ಅಂಥ ದಿನ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಸ್ವಲ್ಪ ಜೋರಾಗಿರುತ್ತಿತ್ತು.

ಆ ಭಾನುವಾರ ಬೆಳಿಗ್ಗೆ ಮಗಳು ಸಭೆ ಕರೆದಳು. ಕೆಲಸಕ್ಕೆ ಸೇರಿದ ಮೇಲೆ ಮನೆಯ ಚಂದಾಗಳೆಲ್ಲ ಅವಳ ಉಸ್ತುವಾರಿಗೆ ಬಂದಿದ್ದವು.

“ಇಷ್ಟೊಂದು ಆ್ಯಪ್ ಯಾಕೆ? ನೋಡದೇ ಇರೋದಕ್ಕೆ ದುಡ್ಡು ಸುರೀತಾ ಇದೀವಿ. ಹಡಗಿನ ಸರಣಿ ಮುಗೀತು, ಆ ಆ್ಯಪಲ್ಲಿ ಇನ್ನೇನಿಲ್ಲ. ಅದನ್ನ ತೆಗೆದುಹಾಕ್ತೀನಿ.”

“ತೆಗಿ, ತೆಗಿ,” ಎಂದ ಗಂಡ. “ಕೆಟ್ಟುಹೋಗಿದೆ ಬೇರೆ. ನಾವು ನಿಲ್ಲಿಸಿದ್ದು ಒಂದು ಕಡೆ, ಮತ್ತೆ ಹಾಕಿದ್ರೆ ಇನ್ನೊಂದು ಕಡೆ. ಪ್ರತಿ ಸಲ ತಾನಾಗೇ ಕನ್ನಡಕ್ಕೆ ತಿರುಗಿರುತ್ತೆ. ನಾವು ಅದನ್ನ ಬದಲಾಯಿಸ್ಕೊಂಡು ಸಾಯ್ಬೇಕು.” ಹಾಗೆಂದು ಹಿತ್ತಿಲ ಗಿಡಗಳಿಗೆ ನೀರು ಬಿಡಲು ಹೊರಟ.

ಮೈಕಮ್ಮ ಲೆಕ್ಕ ಹಾಕಿದಳು. ಈಗ ಹೇಳದಿದ್ದರೆ ಕ್ಯಾಪ್ಟನಮ್ಮ ಈ ಮನೆಯಲ್ಲಿ ಮತ್ತೆಂದೂ ಬಾಯಿ ತೆರೆಯಳು. ಹೇಳಿದರೆ, ಇಷ್ಟು ದಿನ ಕಾಪಾಡಿಕೊಂಡ ಬಿಂಕ ಮಣ್ಣುಪಾಲು. ಬೇಡಿ ಪಡೆದ ಹೊಗಳಿಕೆ ಯಾರಿಗೆ ಬೇಕು? ಹಲ್ಲು ಕಚ್ಚಿ ಕೂತಳು.

ಮಗಳ ಬೆರಳು ಫೋನಿನ ಮೇಲೆ ಇಳಿಯುವುದರಲ್ಲಿತ್ತು.

“ಅದನ್ನ ಮುಟ್ಟಿದ್ರೆ ನೋಡು!”

ದನಿ ಬಂದದ್ದು ಮೂಲೆಯ ಕುರ್ಚಿಯಿಂದ, ಅತ್ತೆಯದು. ಮಧ್ಯಾಹ್ನವಿಡೀ ಆ ಕುರ್ಚಿಯಲ್ಲಿ ತೂಕಡಿಸುವುದು ಬಿಟ್ಟರೆ ಅತ್ತೆಗೆ ಬೇರೆ ಉದ್ಯೋಗವಿಲ್ಲ ಎಂದೇ ಮನೆಯವರೆಲ್ಲ ತಿಳಿದಿದ್ದರು.

“ಅಜ್ಜಿ, ನಿಂಗೆ ಆ ಅಕ್ಷರ ಓದೋಕೇ ಆಗಲ್ವಲ್ಲ?”

“ಓದೋ ಕರ್ಮ ನನಗ್ಯಾಕೆ? ಅಪ್ಪಟ ಕನ್ನಡದಲ್ಲಿ ಮಾತಾಡ್ತಾರಲ್ಲ. ರಿಮೋಟು ಕೊಡಿಲ್ಲಿ.”

ಅತ್ತೆ ಅದನ್ನು ಕಿತ್ತುಕೊಂಡು ಪಟಪಟ ಗುಂಡಿ ಒತ್ತಿದರು. ಮಗಳು ಬಾಯಿ ತೆರೆದು ನೋಡಿದಳು. ಪರದೆಯ ಮೇಲೆ ಹಡಗು ಬಂತು, ಕ್ಯಾಪ್ಟನಮ್ಮ ಬಂದಳು, ಸೊಂಟಕ್ಕೆ ಕೈಯಿಟ್ಟು ಗುಡುಗಿದಳು:

“ಕಾಲೊರೆಸ್ಕೊಂಡು ಒಳಗೆ ಬಾ!”

ಹಿತ್ತಿಲಿಂದ ಆಗಷ್ಟೇ ಹೊಸಿಲು ದಾಟಿದ್ದ ಗಂಡ ಗಕ್ಕನೆ ನಿಂತ. ಹಿಂದಕ್ಕೆ ಹೋಗಿ, ಕಾಲೊರಸಿನ ಮೇಲೆ ಎರಡೂ ಪಾದ ಉಜ್ಜಿದ.

“ಒರೆಸ್ಕೊಂಡೆ ಮಾರಾಯ್ತಿ,” ಎಂದು ತಲೆಯೆತ್ತಿದ. ಹೆಂಡತಿ ಬಾಯಿ ಮುಚ್ಚಿಕೊಂಡು ಕೂತಿದ್ದಾಳೆ. ಟೀವಿಯಲ್ಲಿ ಬೈಗುಳ ಇನ್ನೂ ನಡೆದೇ ಇದೆ. ಅವನು ಅವಳನ್ನು ನೋಡಿದ, ಟೀವಿ ನೋಡಿದ, ಮತ್ತೆ ಅವಳನ್ನು ನೋಡಿದ.

“ಅಮ್ಮಾ, ಇದು ನೀನಾ?” ಎಂದು ಮಗಳು ಕಿರುಚಿದಳು.

“ಇನ್ಯಾರು ನಿಮ್ಮಪ್ಪನ್ನ ಹೀಗೆ ಕುಣಿಸ್ತಾರೆ?” ಎಂದರು ಅತ್ತೆ. “ಒಂದಿನ ಕೈ ತಪ್ಪಿ ಏನೋ ಒತ್ತಿದೆ. ನೋಡಿದ್ರೆ ನನ್ನ ಸೊಸೆ ಹಡಗಲ್ಲಿ ನಿಂತು ಬೈತಾ ಇದಾಳೆ! ಆವತ್ತಿಂದ ದಿನಾ ಮಧ್ಯಾಹ್ನ ಹಾಕ್ಕೋತೀನಿ. ನೀವೆಲ್ಲ ಕೆಲಸಕ್ಕೆ ಹೋದ್ರೆ ಈ ಮನೆ ಬಿಕೋ ಅನ್ನುತ್ತೆ. ಇವಳ ದನಿ ಇದ್ರೆ ಮನೆ ತುಂಬಿದ ಹಾಗಿರುತ್ತೆ.”

ಮೈಕಮ್ಮನಿಗೆ ತಾನು ಕಾದದ್ದೆಲ್ಲ ಕಣ್ಣಮುಂದೆ ಬಂತು. ಕಾದದ್ದು ಸರಿಯೇ ಇತ್ತು, ಯಾರಿಗಾಗಿ ಎಂಬುದನ್ನು ಮಾತ್ರ ಅವಳು ತಪ್ಪಾಗಿ ಎಣಿಸಿದ್ದಳು. ಈ ಮುದುಕಿ ತನ್ನೆದುರಿಗೆ ಒಂದು ದಿನವೂ ಒಳ್ಳೆ ಮಾತಾಡಿದವರಲ್ಲ.

“ಮತ್ತೆ ನನಗ್ಯಾಕೆ ಹೇಳ್ಲಿಲ್ಲ, ಅತ್ತೆ?”

“ಹೇಳಿದ್ರೆ ತಲೆ ಮೇಲೆ ಕೂರ್ತೀಯ ಅಂತ.” ಅತ್ತೆ ಟೀವಿಯಿಂದ ಕಣ್ಣು ತೆಗೆಯಲಿಲ್ಲ. “ಎಲ್ಲಾ ಚೆನ್ನಾಗಿದೆ. ತಮ್ಮ ಸತ್ತಾಗ ಅಳ್ತೀಯಲ್ಲ, ಅದೊಂದು ಅಳು ಅಲ್ಲ, ಶೀತ. ಬಿಸಿನೀರು ಕುಡಿದು ಹೋಗೇ ಅಂತ ಬಾಯಿ ಬಡ್ಕೊಂಡೆ, ಆವತ್ತು ಕೇಳ್ಲಿಲ್ಲ ನೀನು.”

ಸ್ಟುಡಿಯೋದಲ್ಲಿ ಯಾರ ಕಿವಿಗೂ ಬೀಳದ್ದು ಅದು. ಮಗಳು ಫೋನನ್ನು ಪಕ್ಕಕ್ಕಿಟ್ಟು ಅಜ್ಜಿಯ ಕಾಲ ಬಳಿ ಕೂತಳು. ಮೊದಲನೇ ಕಂತಿನಿಂದ ಹಾಕು ಅಂದಳು.

“ನಿಜ ಅತ್ತೆ, ಆವತ್ತು ಶೀತವೇ,” ಎಂದಳು ಮೈಕಮ್ಮ. ಗಂಟಲು ಕಟ್ಟಿತ್ತು. “ಇವತ್ತಿಂದು ಶೀತ ಅಲ್ಲ.”