ಹಿಂದಿನವರ ಒಂದು ಹಿಡಿ

ನಾನು ಒಂದು ಹಿಟ್ಟಿನ ಗಿರಣಿ. ಕೊಯಮತ್ತೂರಿನಲ್ಲಿ ಹುಟ್ಟಿ, ಲಾರಿಯಲ್ಲಿ ಅಂಗಾತ ಮಲಗಿಕೊಂಡು ತಿಪಟೂರಿಗೆ ಬಂದೆ. ಮೊದಲು ಸಾಕಿದವರು ಖಾಸಿಂ ಸಾಬರು. ಅವರ ಮಂಡಿ ನೋವು ಹೆಚ್ಚಾದ ಮೇಲೆ ಗುರುಸಿದ್ದಪ್ಪನ ಪಾಲಾದೆ. ಇಬ್ಬರೂ ನನ್ನನ್ನು ಹೊಗಳಿದ್ದೇ ಹೊಗಳಿದ್ದು. ಆದರೆ ನನ್ನ ಹೊಟ್ಟೆಯ ಗುಟ್ಟು ನನಗೆ ಗೊತ್ತಿತ್ತು. ಅದು ಎಂದೂ ಪೂರ್ತಿ ಖಾಲಿಯಾಗುತ್ತಿರಲಿಲ್ಲ.

ಗೋಧಿ ಬೀಸಿದ ಮೇಲೆ ರಾಗಿ ಸುರಿದರೆ ಮೊದಲು ಉದುರುವುದು ಗೋಧಿ ಹಿಟ್ಟೇ. "ಹಿಂದಿನೋರ್ದು ಒಂದು ಹಿಡಿ ನಿಮಗೆ, ನಿಮ್ದೊಂದು ಹಿಡಿ ಮುಂದಿನೋರಿಗೆ. ಅಲ್ಲಿಗಲ್ಲಿಗೆ ಸರಿಹೋಯ್ತಲ್ಲ!" ಎಂದು ಗುರುಸಿದ್ದಪ್ಪ ನಗುತ್ತಿದ್ದ. ನಾನೂ ಗಡಗಡ ನಗುತ್ತಿದ್ದೆ.

ಒಂದು ಬುಧವಾರ ರೂಪಶ್ರೀ ಎಂಬ ಹೆಂಗಸು ಮೊಳಕೆ ಕಟ್ಟಿ ಹುರಿದ ರಾಗಿ ತಂದಳು. ಸೊಂಟದ ಮೇಲೆ ಎರಡು ವರ್ಷದ ಮಗಳು ಇಂಪನಾ.

"ಇವಳಿಗೆ ಹಾಲು ಆಗಲ್ಲ, ಗೋಧಿ ಆಗಲ್ಲ, ಮೊಟ್ಟೆ, ಕಡ್ಲೆಕಾಯಿ ಯಾವ್ದೂ ಆಗಲ್ಲ. ರಾಗಿ ಗಂಜಿಗೆ ಮೂರು ಚಮಚ ಕೊಬ್ಬರಿ ಎಣ್ಣೆ ಹಾಕಿ ಹೆಂಗೋ ತೂಕ ಬರ್ಸ್ಬೇಕು. ಗೋಧಿ ಬೆರೆಯಲ್ಲ ತಾನೆ?"

"ಕೂಸಿಗಲ್ವೇನಮ್ಮ, ಕಲ್ಲು ಬಿಚ್ಚಿ ಒರೆಸಿ ಬೀಸ್ತೀನಿ" ಎಂದ ಗುರುಸಿದ್ದಪ್ಪ.

ಮೊದಲ ಎರಡು ವಾರ ಹಾಗೇ ಮಾಡಿದ. ಮೂರನೆಯ ವಾರ ಬಾಗಿಲ ತನಕ ಜನ. ಹಿಟ್ಟು ಬೀಳುವ ಬಟ್ಟೆಯ ತೋಳಿಗೆ ಎರಡು ಏಟು ಹಾಕಿ, "ಒಂದು ಹಿಡೀಲಿ ಏನಾಗುತ್ತೆ" ಎಂದು ಗೊಣಗಿ ರಾಗಿ ಸುರಿದುಬಿಟ್ಟ. ಆಮೇಲೆ ಅದೇ ರೂಢಿಯಾಯಿತು. ರೂಪಶ್ರೀ ಮಾತ್ರ ಪ್ರತಿ ಬುಧವಾರ ಕೇಳುತ್ತಿದ್ದಳು, ಅವನು ಹೂಂ ಎನ್ನುತ್ತಿದ್ದ.

ಮಗುವಿಗೆ ವಾಂತಿ, ಭೇದಿ ಶುರುವಾಯಿತು. ಕಾರಣ ಹುಡುಕುತ್ತ ತಾಯಿ ಬಾಳೆಹಣ್ಣು ನಿಲ್ಲಿಸಿದಳು, ತೊಗರಿಬೇಳೆ ನಿಲ್ಲಿಸಿದಳು, ಗೆಣಸನ್ನೂ ನಿಲ್ಲಿಸಿದಳು. ರಾಗಿಯನ್ನು ಮಾತ್ರ ನಂಬಿದಳು. ಮಗುವಿನ ಕಾಲ್ಗೆಜ್ಜೆ ಸಡಿಲವಾಗಿ ನನ್ನ ಮುಂದೆಯೇ ಕಳಚಿ ಬಿತ್ತು. ನಾನು ನೋಡಿದೆ. ಕಳ್ಳನ ಜೊತೆ ಕಳ್ಳನಾಗಿ ಬೀಸುತ್ತಲೇ ಇದ್ದೆ.

ಎರಡು ತಿಂಗಳ ಮೇಲೆ ಅವಳು ಹಿಟ್ಟಿನ ಡಬ್ಬವನ್ನೇ ವಾಪಸು ತಂದಳು.

"ನಿಮ್ಮ ಎಮ್ಮೆಗಾದ್ರೂ ಹಾಕಿ. ರಾಗೀನೂ ಆಗ್ತಿಲ್ಲ ಅನ್ಸುತ್ತೆ. ಏಳೂವರೆ ಕೆಜಿಗೆ ಇಳಿದವ್ಳೆ. ಇನ್ನೂ ಇಳಿದ್ರೆ ಮೂಗಿಗೆ ನಳಿಕೆ ಹಾಕಿ ಉಣಿಸ್ತಾರಂತೆ. ನನ್ ಕೈಗುಣವೇ ಸರಿಯಿಲ್ಲ, ಹೆತ್ತ ಮಗೀಗೆ ಉಣ್ಸಕ್ಕೆ ಬರ್ಲಿಲ್ಲ."

ಗುರುಸಿದ್ದಪ್ಪ ಮುಚ್ಚಳ ತೆಗೆದ. ಕಂದು ಹಿಟ್ಟಿನಲ್ಲಿ ಬಿಳಿ ಗೆರೆಗಳಿದ್ದವು. ಬಿಳಿಯದನ್ನು ಚಿಟಿಕೆ ತೆಗೆದು ಉಜ್ಜಿ ನೋಡಿದ, ಗೋಧಿ ಹಿಟ್ಟು. ಅವಳು ಮೆಟ್ಟಿಲಿಳಿದಳು, ಬೀದಿಗೆ ಕಾಲಿಟ್ಟಳು. ಆಗ ಕೂಗಿದ:

"ತಾಯಿ, ನಿಲ್ಲು! ನಿನ್ ಕೈದಲ್ಲ ತಪ್ಪು, ನಂದು. ನಾನು ಕಲ್ಲು ಒರೆಸ್ತಿರ್ಲಿಲ್ಲ."

ಅವಳು ಬೈಯಲಿಲ್ಲ. ಬೈದಿದ್ದರೆ ನಮ್ಮಿಬ್ಬರಿಗೂ ಹಗುರವಾಗುತ್ತಿತ್ತು. "ಪ್ರತಿ ಸಲಾನೂ ಕೇಳಿದ್ನಲ್ಲ, ಅಣ್ಣ" ಎಂದಳು, ಅಷ್ಟೇ.

ಅಂದೇ ಅವನು ನನ್ನನ್ನು ಪೂರ್ತಿ ಬಿಚ್ಚಿದ. ಒಳಗಿನಿಂದ ಸೇರುಗಟ್ಟಲೆ ಹಳೆ ಹಿಟ್ಟು ಬಂತು. ಆಮೇಲೆ ನನ್ನ ಬಾಯಿಗೆ ಗೋಧಿ ಹಾಕಲೇ ಇಲ್ಲ. ಪ್ರತಿ ಬುಧವಾರ ಕಲ್ಲು ಒರೆಸಿ ಕಾಯುತ್ತಿದ್ದ. ಅವಳು ಬರಲಿಲ್ಲ, ಮನೆಯಲ್ಲೇ ಬೀಸುಕಲ್ಲು ತಿರುಗಿಸುತ್ತಿದ್ದಾಳೆಂದು ತಿಳಿಯಿತು.

ಏಳು ತಿಂಗಳಾದ ಮೇಲೆ ಬಂದಳು. ಕೈಯಲ್ಲಿ ರಾಗಿ ಇರಲಿಲ್ಲ. ಮಗಳನ್ನು ಎತ್ತಿ ಕಾಳು ತೂಗುವ ತಕ್ಕಡಿಯಲ್ಲಿ ಕೂರಿಸಿ, "ನೀವೇ ನೋಡಿ" ಎಂದಳು. ಹತ್ತು ಕೆಜಿ ದಾಟಿತ್ತು. ಗುರುಸಿದ್ದಪ್ಪ ಹಿಟ್ಟು ಮೆತ್ತಿದ ಟವಲಿನಿಂದ ಕಣ್ಣೊರೆಸಿಕೊಂಡ.

ಈಗ ಅವನಿಲ್ಲ. ನನ್ನ ಕಲ್ಲು ಸವೆದಿದೆ, ಗುಜರಿಯವನು ಬರುವ ತನಕ ಗೋಡೆ ಪಕ್ಕ ನಿಂತಿದ್ದೇನೆ. ಮೊನ್ನೆ ಶಾಲೆಯಿಂದ ಬರುತ್ತ ಇಂಪನಾ ನನ್ನ ಬಾಯೊಳಗೆ ಕೈ ಹಾಕಿ, "ಅಮ್ಮಾ, ಒಳಗೆ ಏನೂ ಇಲ್ಲ!" ಎಂದಳು. ರೂಪಶ್ರೀ ಓಡಿ ಬಂದು ಆ ಕೈಯನ್ನು ಎಳೆದುಕೊಂಡು ಸೆರಗಿನಿಂದ ಒರೆಸಿದಳು. ಮತ್ತೆ ಒರೆಸಿದಳು. ಬೆರಳ ಸಂದಿಯನ್ನೂ ಬಿಡಲಿಲ್ಲ.

ನಿಜಕ್ಕೂ ಖಾಲಿಯಾಗಿದ್ದೇನೆ ಎಂದು ಹೇಳೋಣವೆಂದರೆ ನನಗೆ ಮಾತು ಬಾರದು. ಬಂದಿದ್ದರೂ, ನನ್ನ ಮಾತನ್ನು ಅವಳು ಯಾಕೆ ನಂಬಬೇಕು?