ಹಾದಿಯಿಲ್ಲದ ಎಲೆಕ್ಟ್ರಾನ್

ಓನ್ನೊ ಹಾರ್ಮ್ಸ್ ನಮ್ಮ ಅಟ್ಟದ ಕೋಣೆಗೆ ಬಾಡಿಗೆಗೆ ಬಂದ ದಿನದಿಂದಲೇ ಅಪ್ಪ ಅವನನ್ನು ‘ಡಾಕ್ಟರೇ’ ಎಂದು ಕರೆಯತೊಡಗಿದರು. ಗ್ಯೋಟಿಂಗೆನ್‌ನಲ್ಲಿ ಡಾಕ್ಟರೇಟಿಗೆ ಓದುವ ಹುಡುಗರನ್ನು ಮನೆಯವರು ಹೀಗೆ ಕಾಡುವುದು ಮಾಮೂಲು. ಪದವಿ ಬಂದ ದಿನ ಅದೇ ಮಾತು ಗೌರವವಾಗುತ್ತದೆ.

ಓನ್ನೊ ಉತ್ತರದ ಕರಾವಳಿಯವನು. ಅಲ್ಲಿ ಅವನ ಓದಿನ ಖರ್ಚು ಕೊಡುತ್ತಿದ್ದ ಚಿಕ್ಕಪ್ಪ ಹೆರಿಂಗ್ ಮೀನಿಗೆ ಉಪ್ಪು ಹಾಕಿ ಪೀಪಾಯಿ ತುಂಬಿಸುತ್ತಿದ್ದರು. ಈಸ್ಟರ್ ಒಳಗೆ ಡಾಕ್ಟರೇಟ್ ಆಗದಿದ್ದರೆ ಬಂದು ಪೀಪಾಯಿ ನೋಡಿಕೋ ಎಂದು ಹೇಳಿಬಿಟ್ಟಿದ್ದರು. ಅವನ ಮೆತ್ತನೆಯ ಕೈ ಕಂಡಾಗಲೆಲ್ಲ ನನಗೆ ಆ ಉಪ್ಪು ನೆನಪಾಗುತ್ತಿತ್ತು.

ಅವನ ಪ್ರಬಂಧ ಒಂದೇ ಒಂದು ಅಣುವಿನ ಬಗ್ಗೆ. ಹೈಡ್ರೋಜನ್ನಿನ ಎರಡು ಪರಮಾಣು ಬೀಜ, ಎರಡಕ್ಕೂ ಸೇರಿ ಒಂದೇ ಎಲೆಕ್ಟ್ರಾನ್. ನನ್ನ ಹೊಲಿಗೆ ಡಬ್ಬಿಯಿಂದ ಮೂರು ಗಾಜಿನ ಮಣಿ ಕೇಳಿ ಪಡೆದು, ತಂತಿ ಬಗ್ಗಿಸಿ ಅದನ್ನು ಮಾಡಿಕೊಂಡಿದ್ದ.

“ಈ ಎರಡು ಬೀಜ ಇವೆಯಲ್ಲ ಇಲ್ಸೆ, ಒಂದನ್ನ ಕಂಡ್ರೆ ಒಂದಕ್ಕಾಗಲ್ಲ, ದೂಡ್ತಾ ಇರ್ತವೆ. ಮಧ್ಯೆ ಓಡಾಡೋ ಈ ಪುಟಾಣಿ ಎರಡನ್ನೂ ಹಿಡಿದಿಟ್ಟಿದೆ.”

ನಾನು ಕಾಫಿ ತಟ್ಟೆ ಹಿಡಿದು ನಿಂತಿದ್ದೆ. ಶಾಲೆ ಬೇಗ ಬಿಟ್ಟವಳು, ಏನು ಕೇಳುವುದು? ಆದರೆ ಆ ಪುಟಾಣಿ ನನಗೆ ಹಿಡಿಸಿತು.

ನಮ್ಮ ಜರ್ಮನ್ ಭಾಷೆಯಲ್ಲಿ ರೈಲಿನ ಹಳಿಗೂ ಎಲೆಕ್ಟ್ರಾನ್ ಸುತ್ತುವ ಹಾದಿಗೂ ಒಂದೇ ಪದ: ಬಾನ್. ಅಪ್ಪ ಸ್ಟೇಷನ್ನಿನಲ್ಲಿ ಹಳಿ ಬದಲಿಸುವವರು. “ನಾವಿಬ್ರೂ ಒಂದೇ ಇಲಾಖೆ, ಡಾಕ್ಟರೇ. ನಿಮ್ಮ ಗಾಡಿ ಲೇಟಾದ್ರೆ ಯಾರೂ ಬೈಯಲ್ಲ, ಅಷ್ಟೇ ವ್ಯತ್ಯಾಸ,” ಎನ್ನುತ್ತಿದ್ದರು.

ಗಾಡಿ ಮಾತ್ರ ಊರು ಮುಟ್ಟುತ್ತಿರಲಿಲ್ಲ. ಓನ್ನೊ ಲೆಕ್ಕ ಹಾಕಿದ ಅಣುವಿನ ಶಕ್ತಿ, ಪ್ರಯೋಗಶಾಲೆಯಲ್ಲಿ ಅಳೆದದ್ದಕ್ಕೆ ಹೊಂದುತ್ತಿರಲಿಲ್ಲ. ಆಗ ಅವನು ಎಲೆಕ್ಟ್ರಾನಿನ ಹಾದಿಯಾದ ತಂತಿಯನ್ನು ಬೇರೆ ಥರ ಬಗ್ಗಿಸುತ್ತಿದ್ದ. ಒಮ್ಮೆ ಹೂವಿನ ಎಸಳಿನಂತೆ, ಒಮ್ಮೆ ಕುಣಿಕೆಯಂತೆ. ಮತ್ತೆ ಮೊದಲಿನಿಂದ ಲೆಕ್ಕ.

ಚಳಿಗಾಲದಲ್ಲಿ ಒಂದು ರಾತ್ರಿಯೂಟಕ್ಕೆ ಕೂತಾಗ, ಪಕ್ಕದ ಕೋಣೆಯಲ್ಲಿ ಬಾಡಿಗೆಗಿದ್ದು ಅದೇ ವಿಷಯ ಓದುತ್ತಿದ್ದ ಲೋಥರ್ ರೊಟ್ಟಿ ಮುರಿಯುತ್ತ ಕೆಣಕಿದ. “ಇನ್ನೂ ತಂತಿ ಬಗ್ಗಿಸ್ತಾ ಇದೀಯೇನೋ ಹಾರ್ಮ್ಸ್? ಬಾನ್ ಅನ್ನೋದೇ ಇಲ್ಲ ಕಣೋ. ಹೊಸ ಲೆಕ್ಕ ಓದು.”

“ಬಾನ್ ಇಲ್ವಾ?” ಅಪ್ಪ ಚಮಚ ಎತ್ತಿದರು. “ಹಾಗಾದ್ರೆ ನಾಳೆ ನಂಗೆ ರಜೆ!”

“ಮತ್ತೆ ಆ ಎಲೆಕ್ಟ್ರಾನು ಇರೋದೆಲ್ಲಿ?” ಎಂದರು ಅಮ್ಮ.

“ಹಾಗೆ ಕೇಳೋ ಹಾಗೇ ಇಲ್ಲ ಅಮ್ಮಾವ್ರೇ. ಹುಡುಕಿದ್ರೆ ಎಲ್ಲಿ ಸಿಗಬಹುದು, ಅಷ್ಟು ಮಾತ್ರ ಹೇಳಬಹುದು.”

“ಬಾಡಿಗೆ ದಿನ ನೀನಿದ್ದ ಹಾಗೆ ಅನ್ನು,” ಎಂದರು ಅಮ್ಮ.

ಎಲ್ಲರೂ ನಕ್ಕರು. ಓನ್ನೊನೂ ನಕ್ಕ. ಅವನ ತಟ್ಟೆಯ ಸಾರು ಆರಿ, ಮೇಲೆ ಕೆನೆಗಟ್ಟುವವರೆಗೂ ನಾನು ನೋಡುತ್ತಲೇ ಇದ್ದೆ.

ಆದರೂ ಅವನು ಹೊಸದನ್ನು ಓದಲಿಲ್ಲ. ಸರಿಯಾದ ಹಾದಿ ಇನ್ನೊಂದು ಇದ್ದೇ ಇದೆ ಎಂದು ಹಟ ಹಿಡಿದ. ಇಷ್ಟು ವರ್ಷ ಒಂದೇ ಹಾದಿ ಹುಡುಕಿದವನು ಬೇರೇನು ಮಾಡಿಯಾನು?

ಅವನು ಪ್ರಬಂಧ ಒಪ್ಪಿಸಿದ ಮೇಲೆ ನಾನು ಯಾರಿಗೂ ಹೇಳದೆ ಕಾಗದದ ಹೂಗಳ ಮಾಲೆ ಕಟ್ಟತೊಡಗಿದೆ. ನಮ್ಮೂರಲ್ಲಿ ಪದವಿ ಗೆದ್ದವನನ್ನು ಗೆಳೆಯರು ಕೈಗಾಡಿಯಲ್ಲಿ ಕೂರಿಸಿ ಸಂತೆಚೌಕಕ್ಕೆ ಎಳೆದೊಯ್ಯುತ್ತಾರೆ. ಅವನು ಕಾರಂಜಿ ಹತ್ತಿ, ಅಲ್ಲಿರುವ ಬಾತು ಕಾಯುವ ಹುಡುಗಿಯ ಕಂಚಿನ ಮೂರ್ತಿಗೆ ಮಾಲೆ ಹಾಕಿ ಮುತ್ತು ಕೊಡಬೇಕು. ಆ ಹುಡುಗಿಯೂ ಮಾತಾಡುವವಳಲ್ಲ.

ಪ್ರೊಫೆಸರರು ಕರೆಸಿದ ದಿನ ಓನ್ನೊ ಬೇಗ ಹಿಂತಿರುಗಿದ. ಬಾಗಿಲು ತೆರೆದವಳು ನಾನೇ.

“ಏನಂದ್ರು?” ಅಡಿಗೆಮನೆಯಿಂದ ಅಮ್ಮ ಕೂಗಿದರು.

“ಲೆಕ್ಕದಲ್ಲಿ ಒಂದೂ ತಪ್ಪಿಲ್ಲ ಅಂದ್ರು.”

“ಮತ್ತಿನ್ನೇನು!”

“ಇಲ್ಲದೇ ಇರೋದರ ಬಗ್ಗೆ ತಪ್ಪಿಲ್ಲದ ಲೆಕ್ಕ ಅಂದ್ರು. ಹೊಸ ರೀತೀಲಿ ಮೊದಲಿಂದ ಮಾಡಿ ಅಂದ್ರು.”

ಈಸ್ಟರ್ ಹತ್ತಿರ ಬಂದಿತ್ತು. ಮೊದಲಿನಿಂದ ಮಾಡಲು ಚಿಕ್ಕಪ್ಪ ಬಿಡುವುದಿಲ್ಲವೆಂದು ಮನೆಯವರಿಗೆಲ್ಲ ಗೊತ್ತು. ಅಂದು ಊಟದ ಮೇಜಿನಲ್ಲಿ ಅಪ್ಪ ಬಟ್ಟಲು ಮುಂದೆ ಸರಿಸಿ ಮೆಲ್ಲಗೆ ಹೇಳಿದರು: “ಆಲೂಗಡ್ಡೆ ಹಾಕಿಕೊಳ್ಳಿ, ಹಾರ್ಮ್ಸ್ ಅವರೇ.”

ಓನ್ನೊ ತಲೆ ಎತ್ತಿ ಅಪ್ಪನನ್ನು ನೋಡಿದ. ಅವನ ಕಣ್ಣು ತುಂಬಿದ್ದು ಆಗ, ಪ್ರೊಫೆಸರರ ಮಾತು ಹೇಳುವಾಗಲ್ಲ.

ಲೋಥರ್ ಆ ವಾರವೇ ಪಾಸಾದ. ಅಮ್ಮನಿಗೆ ನನ್ನ ಮಾಲೆ ಸಿಕ್ಕಿಬಿಟ್ಟಿತು. “ಅಯ್ಯೋ, ರೆಡಿ ಇದೆಯಲ್ಲೇ! ಕೊಡೇ ಇತ್ತ, ಮಾಲೆ ಮೇಲೆ ಹೆಸರು ಬರೆದಿದೆಯಾ?” ನಾನು ಕೊಟ್ಟೆ. ಕೈಗಾಡಿ ಎಳೆದವರಲ್ಲಿ ಓನ್ನೊನೂ ಇದ್ದ. ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದ. ನನ್ನ ಮಾಲೆ ಕಂಚಿನ ಹುಡುಗಿಯ ಕೊರಳಿಗೆ ಬಿದ್ದಾಗ ಅವನು ಗಾಡಿಯ ಚಕ್ರ ನೋಡುತ್ತಿದ್ದ.

ಓನ್ನೊ ಊರಿಗೆ ಹೊರಟ ರೈಲಿಗೆ ಉತ್ತರದ ಹಳಿ ಕೊಟ್ಟದ್ದು ಅಪ್ಪನೇ. ಅಂದು ಅವರು ಮನೆಗೆ ಬಂದು ಕೋಟು ಬಿಚ್ಚದೆ ಒಲೆಯ ಪಕ್ಕ ಕುಳಿತೇ ಇದ್ದರು.

ಅಟ್ಟದ ಕೋಣೆ ಗುಡಿಸಲು ಹೋದೆ. ಮೇಜಿನ ಮೇಲೆ ತಂತಿ ಮಾತ್ರ ಇತ್ತು. ಒಂದು ಬಾಗೂ ಉಳಿಯದಂತೆ ನೆಟ್ಟಗೆ ಮಾಡಿಟ್ಟಿದ್ದ. ಮಣಿಗಳನ್ನು ನನ್ನ ಹೊಲಿಗೆ ಡಬ್ಬಿಗೆ ಮರಳಿ ಹಾಕಿದ್ದ. ಡಬ್ಬಿಯನ್ನು ಹಾಸಿಗೆಯ ಮೇಲೆ ಸುರಿದು, ಆ ಪುಟಾಣಿಗಾಗಿ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದೆ. ಎಲ್ಲ ಒಂದೇ ಥರ ಇದ್ದವು.

ಕೆಳಗೆ ಬಾಗಿಲು ಬಡಿದ ಸದ್ದಾಯಿತು. ಕೋಣೆ ಕೇಳಿಕೊಂಡು ಯಾರೋ ಬಂದಿದ್ದರು.

“ಬನ್ನಿ, ಬನ್ನಿ ಡಾಕ್ಟರೇ,” ಎಂದಿತು ಅಪ್ಪನ ದನಿ.